ಥ್ರಿಲ್ಲರ್‌ಗಳ ಜಾಣ ಕೊಲೆ ನಂಬುವಂಥದ್ದೇ?

ಆರ್ಥರ್ ಕಾನನ್ ಡಾಯ್ಲ್ 1892ರಲ್ಲಿ ಪ್ರಕಟಿಸಿದ ‘ದಿ ಸ್ಪೆಕಲ್ಡ್ ಬ್ಯಾಂಡ್’ ಎಂಬ ಷರ್ಲಾಕ್ ಹೋಮ್ಸ್ ಕಥೆಯಲ್ಲಿ ಒಬ್ಬ ವೈದ್ಯ ತನ್ನ ಮಲಮಗಳನ್ನು ಹಾವಿನಿಂದ ಕೊಲ್ಲಿಸುತ್ತಾನೆ. ಭಾರತದ ಆ ಹಾವನ್ನು ಕಬ್ಬಿಣದ ತಿಜೋರಿಯಲ್ಲಿಟ್ಟು, ಹಾಲೆರೆದು ಸಾಕಿ, ಸಿಳ್ಳೆ ಹಾಕಿದರೆ ವಾಪಸು ಬರುವಂತೆ ಪಳಗಿಸಿರುತ್ತಾನೆ. ರಾತ್ರಿ ಗೋಡೆಯ ಗಾಳಿಕಿಂಡಿಯಿಂದ ಪಕ್ಕದ ಕೋಣೆಗೆ ಬಿಟ್ಟರೆ ಅದು ಕರೆಗಂಟೆಯ ಹಗ್ಗದ ಮೇಲೆ ಹರಿದು ಮಂಚಕ್ಕೆ ಇಳಿಯುತ್ತದೆ, ಸಿಳ್ಳೆ ಕೇಳಿದೊಡನೆ ಹಿಂದಿರುಗುತ್ತದೆ. ಡಾಯ್ಲ್ ತಾವು ಬರೆದ ಹೋಮ್ಸ್ ಕಥೆಗಳಲ್ಲಿ ಅತ್ಯುತ್ತಮವಾದವನ್ನು 1927ರಲ್ಲಿ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ. ಹಾವಿನ ಬಗ್ಗೆ ಸ್ವಲ್ಪ ತಿಳಿದವರಿಗೂ ಈ ಸಂಚು ನಿಲ್ಲುವುದಿಲ್ಲವೆಂದು ಗೊತ್ತಾಗುತ್ತದೆ. ಹಾಲು ಹಾವಿನ ಆಹಾರವಲ್ಲ. ನೆಲದ ಕಂಪನವನ್ನು ಹಿಡಿಯುವಷ್ಟು ಚೆನ್ನಾಗಿ ಅದು ಗಾಳಿಯಲ್ಲಿ ಬರುವ ಸಿಳ್ಳೆಯಂಥ ಏರುದನಿಯನ್ನು ಹಿಡಿಯಲಾರದು. ಹೇಳಿದ ಕೆಲಸ ಮುಗಿಸಿ ಬಾ ಎಂದು ಕಳಿಸಬಹುದಾದ ಪ್ರಾಣಿಯಂತೂ ಅಲ್ಲವೇ ಅಲ್ಲ.

ಹಾಗಿದ್ದರೂ 2020ರಲ್ಲಿ ಕೇರಳದಲ್ಲಿ ಒಬ್ಬ ಗಂಡ ಹಾವಿನಿಂದಲೇ ಹೆಂಡತಿಯನ್ನು ಕೊಂದ. ಮಾರ್ಚ್‌ನಲ್ಲಿ ಆಕೆಗೆ ಮಂಡಲದ ಹಾವು ಕಚ್ಚಿತು. 52 ದಿನ ಆಸ್ಪತ್ರೆಯಲ್ಲಿದ್ದು ಬದುಕಿದಳು. ಕೊಲ್ಲಂ ಜಿಲ್ಲೆಯ ತವರುಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ, ಮೇ ತಿಂಗಳಲ್ಲಿ, ನಾಗರಹಾವು ಕಚ್ಚಿತು. ಈ ಸಲ ಉಳಿಯಲಿಲ್ಲ. ಒಂದೇ ಹೆಣ್ಣುಮಗಳಿಗೆ ಮೂರು ತಿಂಗಳೊಳಗೆ ಎರಡು ಜಾತಿಯ ವಿಷದ ಹಾವು ಮಲಗಿದಲ್ಲಿಗೇ ಬಂದು ಕಚ್ಚುವುದೇ ಎಂಬ ಅನುಮಾನ ತಂದೆತಾಯಿಗೆ ಬಂತು. ಪೊಲೀಸರು ಹೂತಿದ್ದ ಹಾವನ್ನು ತೆಗೆಸಿ ಅದರ ಮರಣೋತ್ತರ ಪರೀಕ್ಷೆ ಮಾಡಿಸಿದರು. ಬೊಂಬೆಯೊಂದಕ್ಕೆ ಕೋಳಿಮಾಂಸ ಕಟ್ಟಿ, ನಾಗರಹಾವು ತಾನಾಗಿ ಕಚ್ಚಿದರೆ ಹಲ್ಲಿನ ಗುರುತುಗಳ ನಡುವೆ ಎಷ್ಟು ಅಂತರ, ತಲೆ ಅದುಮಿ ಕಚ್ಚಿಸಿದರೆ ಎಷ್ಟು ಅಂತರ ಎಂದು ಅಳೆದರು. ಆಕೆಯ ಮೈಮೇಲಿದ್ದ ಗುರುತು ಅದುಮಿ ಕಚ್ಚಿಸಿದ್ದಕ್ಕೆ ಹೊಂದಿತು. ಹಾವು ಮಾರಿದವನು ಮಾಫಿಸಾಕ್ಷಿಯಾದ. 2021ರ ಅಕ್ಟೋಬರ್‌ನಲ್ಲಿ ಕೊಲ್ಲಂ ನ್ಯಾಯಾಲಯ ಗಂಡನಿಗೆ ಎರಡು ಜೀವಾವಧಿ ಶಿಕ್ಷೆ ವಿಧಿಸಿತು.

ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಪತ್ತೇದಾರಿ ಕಾದಂಬರಿ, ಥ್ರಿಲ್ಲರ್ ಸಿನಿಮಾಗಳ ವಿಚಿತ್ರ ಸಂಚುಗಳ ಬಗ್ಗೆ ಮಾತು ಬಂದಾಗ ‘ನಿಜಜೀವನದಲ್ಲಿ ಯಾರು ಹೀಗೆಲ್ಲ ಮಾಡುತ್ತಾರೆ’ ಎನ್ನುವವರೇ ಹೆಚ್ಚು. ಮಾಡುತ್ತಾರೆ. ಹಾವು, ರೋಗಾಣು, ಅಪರೂಪದ ವಿಷ, ಹೀಗೆ ಮನುಷ್ಯರು ಕೊಲೆಗೆ ಬಳಸದ ವಿಚಿತ್ರ ಉಪಾಯ ಕಡಿಮೆ. ನಂಬಲಾಗದ್ದು ಉಪಾಯದ ವೈಚಿತ್ರ್ಯವಲ್ಲ, ಇಡೀ ಜಗತ್ತು ಆ ಉಪಾಯಕ್ಕೆ ವಿಧೇಯವಾಗಿ ನಡೆದುಕೊಳ್ಳುವುದು. ಕಥೆಯ ಹಾವು ಯಜಮಾನ ಹೇಳಿದಂತೆ ಕೇಳುತ್ತದೆ. ನಿಜವಾದ ಹಾವಿಗೆ ಎರಡನೇ ಯತ್ನ ಬೇಕಾಯಿತು, ಆ ಎರಡನೆಯದೇ ಕೊಲೆಗಾರನನ್ನು ಹಿಡಿದುಕೊಟ್ಟಿತು.

ಇದರ ಹಿಂದಿನ ಲೆಕ್ಕ ಸರಳವಾದದ್ದು. ಒಂದು ಸಂಚಿನಲ್ಲಿ ಹತ್ತು ಹೆಜ್ಜೆಗಳಿವೆ, ಪ್ರತಿಯೊಂದೂ ಕೈಗೂಡುವ ಸಾಧ್ಯತೆ ನೂರಕ್ಕೆ 90 ಎಂದುಕೊಳ್ಳೋಣ. ಬಿಡಿಬಿಡಿಯಾಗಿ ನೋಡಿದರೆ ಇದು ಬಹಳ ಒಳ್ಳೆಯ ಸಂಚು. ಹತ್ತೂ ಹೆಜ್ಜೆ ಒಂದರ ಹಿಂದೊಂದು ಸರಿಹೋಗುವ ಸಾಧ್ಯತೆ ಮಾತ್ರ ನೂರಕ್ಕೆ ಸುಮಾರು 35ಕ್ಕೆ ಇಳಿಯುತ್ತದೆ. ಹೆಜ್ಜೆ ಇಪ್ಪತ್ತಾದರೆ ಸುಮಾರು 12. ಅಂದರೆ ಸಂಚು ಜಾಣತನದ್ದಾದಷ್ಟೂ ಕೆಡುವ ಅವಕಾಶ ಹೆಚ್ಚು. ಕೆಡದೆ ಉಳಿದ ಹೆಜ್ಜೆಯೂ ಗುರುತು ಬಿಡದೆ ಇರುವುದಿಲ್ಲ. ವಸ್ತು ಕೊಳ್ಳಬೇಕು, ಕೊಟ್ಟವನು ನೆನಪಿಡುತ್ತಾನೆ. ಊರಿಗೆ ಹೋಗಬೇಕು, ಲಾಡ್ಜ್‌ನ ಪುಸ್ತಕದಲ್ಲಿ ಸಹಿ ಬೀಳುತ್ತದೆ. ಈಗಿನ ಕಾಲದಲ್ಲಿ ಮೊಬೈಲ್ ಟವರ್, ಸಿಸಿ ಕ್ಯಾಮೆರಾ, ಹುಡುಕಾಟದ ದಾಖಲೆ, ಹಣ ಕಳಿಸಿದ ಲೆಕ್ಕ ಎಲ್ಲವೂ ಸೇರಿಕೊಳ್ಳುತ್ತವೆ. ಕಾದಂಬರಿಕಾರನಿಗೆ ಈ ತೊಂದರೆ ಇಲ್ಲ. ಅವನು ಕೊನೆಯಿಂದ ಹಿಂದಕ್ಕೆ ಬರೆಯುತ್ತಾನೆ. ಹೆಂಗಸು ಒಂಬತ್ತು ಗಂಟೆಗೆ ಕಾಫಿ ಕುಡಿದಿರಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆ, ಆದ್ದರಿಂದ ಅವಳು ಕುಡಿದೇ ಕುಡಿಯುತ್ತಾಳೆ. ಕೊಲೆಗಾರ ಮುಂದಕ್ಕೆ ನಡೆಯಬೇಕಾದವನು. ಆ ದಿನ ಅವಳಿಗೆ ತಲೆನೋವು ಬಂದು ಕಾಫಿ ಬೇಡವೆನಿಸಿದರೆ ಅವನ ಆರು ತಿಂಗಳ ಯೋಜನೆ ಮುಗಿಯಿತು.

ಕಾದಂಬರಿಯನ್ನೂ ಮೀರಿಸುವ ಸಂಚೊಂದು ನಮ್ಮ ದೇಶದಲ್ಲೇ ನಡೆದಿದೆ. ಇಂದಿನ ಜಾರ್ಖಂಡ್‌ನಲ್ಲಿರುವ ಪಾಕುಡ್‌ನ ಜಮೀನುದಾರಿ ಮನೆತನದ ಅಮರೇಂದ್ರ ಪಾಂಡೆ ಎಂಬ ಯುವಕ 1933ರ ನವೆಂಬರ್ 26ರಂದು ಹೌರಾ ರೈಲು ನಿಲ್ದಾಣದ ಜನಜಂಗುಳಿಯಲ್ಲಿ ನಡೆದುಹೋಗುತ್ತಿದ್ದಾಗ ಖದ್ದರ್ ತೊಟ್ಟ ಅಪರಿಚಿತನೊಬ್ಬ ಮೈಗೆ ತಾಗಿಕೊಂಡು ಹೋದ. ತೋಳಿಗೆ ಏನೋ ಚುಚ್ಚಿದಂತಾಯಿತು. ಡಿಸೆಂಬರ್ 4ರಂದು ಅಮರೇಂದ್ರ ಕಲ್ಕತ್ತದಲ್ಲಿ ತೀರಿಕೊಂಡ. ಚಿಕಿತ್ಸೆ ಕೊಟ್ಟ ವೈದ್ಯರು ರಕ್ತವನ್ನು ಪರೀಕ್ಷೆಗೆ ಕಳಿಸಿದ್ದರು. ಸಾವಿನ ನಂತರ ಬಂದ ವರದಿಯಲ್ಲಿ ಪ್ಲೇಗ್ ರೋಗಾಣು ಇತ್ತು. ಕಲ್ಕತ್ತದಲ್ಲಿ ಆಗ ಪ್ಲೇಗ್ ಇರಲಿಲ್ಲ. ತನಿಖೆ ಹಿಂದಕ್ಕೆ ಸಾಗಿದಂತೆ ಆಸ್ತಿಯ ಮೇಲೆ ಕಣ್ಣಿಟ್ಟಿದ್ದ ಮಲಅಣ್ಣ ಬಿನೊಯೇಂದ್ರ, ಅವನ ಜೊತೆಗಾರ ವೈದ್ಯ ತಾರಾನಾಥ ಭಟ್ಟಾಚಾರ್ಯ, ಮುಂಬಯಿಯ ಪ್ರಯೋಗಾಲಯಗಳು ಎಲ್ಲ ಹೊರಬಂದವು. ವೈದ್ಯ ಪ್ಲೇಗ್ ರೋಗಾಣುವಿಗಾಗಿ ಹಾಫ್ಕಿನ್ ಸಂಸ್ಥೆಯನ್ನು ಕೇಳಿದ್ದ. ಸುಲಭವಾಗಿ ಸಿಗದಾಗ ಆರ್ಥರ್ ರೋಡ್‌ನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಸಂಶೋಧನೆಯ ನೆಪದಲ್ಲಿ ಜಾಗ ಗಿಟ್ಟಿಸಿದ್ದ. ಅದಕ್ಕೂ ಹಿಂದಿನ ವರ್ಷ ಅಮರೇಂದ್ರನ ಮೂಗಿಗೆ ಕನ್ನಡಕ ಒತ್ತಿ ಹಾಕಿ ಗಾಯ ಮಾಡಿದ್ದೂ, ಅನಂತರ ಅವನಿಗೆ ಧನುರ್ವಾಯು ಬಂದು ಪ್ರಾಣ ಉಳಿದದ್ದೂ ಹೊಸ ಅರ್ಥ ಪಡೆದುಕೊಂಡವು.

ಈ ಸಂಚನ್ನು ಯಾವ ಸಂಪಾದಕನಾದರೂ ಹಸ್ತಪ್ರತಿಯಲ್ಲಿ ಓದಿದ್ದರೆ ಅತಿಯಾಯಿತು ಎಂದು ವಾಪಸು ಕಳಿಸುತ್ತಿದ್ದ. ಕಾರ್ಯ ಕೈಗೂಡಿತಲ್ಲ, ಅಮರೇಂದ್ರ ಸತ್ತನಲ್ಲ ಎಂದು ವಾದಿಸಬಹುದು. ಸತ್ತದ್ದು ನಿಜ. ಆದರೆ ಸಂಚಿನ ಉದ್ದೇಶ ಸಾವಷ್ಟೇ ಆಗಿರಲಿಲ್ಲ, ಅದು ಸಹಜ ಸಾವಿನಂತೆ ಕಾಣಬೇಕಿತ್ತು. ಅಲ್ಲೇ ಅದು ಮುರಿದು ಬಿತ್ತು. ಊರಲ್ಲಿ ಇಲ್ಲದ ರೋಗ ಒಬ್ಬನಿಗೆ ಮಾತ್ರ ಬರುವುದೇ ದೊಡ್ಡ ಸುಳಿವಾಯಿತು. ರೋಗಾಣು ಪಡೆಯಲು ಪತ್ರ ಬರೆಯಬೇಕಾಯಿತು, ಶಿಫಾರಸು ಹಿಡಿಯಬೇಕಾಯಿತು, ಊರೂರು ಸುತ್ತಬೇಕಾಯಿತು, ಹೀಗೆ ಪ್ರತಿ ತಿರುವಿನಲ್ಲೂ ಒಬ್ಬ ಸಾಕ್ಷಿ ಹುಟ್ಟಿಕೊಂಡ. 1935ರಲ್ಲಿ ಇಬ್ಬರಿಗೂ ಮರಣದಂಡನೆಯಾಯಿತು, ಮರುವರ್ಷ ಹೈಕೋರ್ಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿತು. ಇಡೀ ಪ್ರಕರಣದಲ್ಲಿ ಕೊನೆಗೂ ಸಿಗದವನು ಒಬ್ಬನೇ, ಆ ಖದ್ದರ್ ತೊಟ್ಟ ಮನುಷ್ಯ. ಅವನ ಪಾಲಿಗೆ ಬಂದದ್ದು ಅತ್ಯಂತ ಸರಳ ಕೆಲಸ. ಚುಚ್ಚಿ ಜನರ ನಡುವೆ ಮರೆಯಾಗುವುದು. ಇದು ಕಾಕತಾಳೀಯವೆಂದು ನನಗೆ ಅನಿಸುವುದಿಲ್ಲ.

1924ರಲ್ಲಿ ಶಿಕಾಗೋದ ನೇಥನ್ ಲಿಯೋಪೋಲ್ಡ್ ಮತ್ತು ರಿಚರ್ಡ್ ಲೋಬ್ ಎಂಬ ಸಿರಿವಂತ ಮನೆಯ ಯುವಕರದೂ ಇದೇ ಕಥೆ. ಯಾರೂ ಪತ್ತೆ ಹಚ್ಚಲಾರದ ಅಪರಾಧ ಮಾಡಿ ತೋರಿಸಬೇಕೆಂಬ ಹುಚ್ಚಿನಿಂದ ತಿಂಗಳುಗಟ್ಟಲೆ ಯೋಜಿಸಿ, 14 ವರ್ಷದ ಹುಡುಗನನ್ನು ಕೊಂದರು. ಸುಳ್ಳು ಹೆಸರಿನಲ್ಲಿ ಬಾಡಿಗೆ ಕಾರು, ಒತ್ತೆಹಣ ಕೇಳುವ ಟೈಪ್ ಮಾಡಿದ ಪತ್ರ, ಎಲ್ಲ ಸಿದ್ಧವಾಗಿತ್ತು. ಶವದ ಹತ್ತಿರ ಲಿಯೋಪೋಲ್ಡ್‌ನ ಕನ್ನಡಕ ಬಿದ್ದುಹೋಯಿತು. ಅದರ ಕೀಲು ಎಷ್ಟು ಅಪರೂಪದ್ದೆಂದರೆ ಅಂಥ ಕನ್ನಡಕ ಶಿಕಾಗೋದಲ್ಲಿ ಮೂವರಿಗೆ ಮಾತ್ರ ಮಾರಾಟವಾಗಿತ್ತು. ಹತ್ತೇ ದಿನಗಳಲ್ಲಿ ಇಬ್ಬರೂ ತಪ್ಪೊಪ್ಪಿಕೊಂಡಿದ್ದರು.

ಇಲ್ಲಿ ಪತ್ತೇದಾರಿ ಸಾಹಿತ್ಯದ ಅಭಿಮಾನಿಗಳು ನ್ಯಾಯವಾದ ಆಕ್ಷೇಪ ಎತ್ತುತ್ತಾರೆ. ಈ ಪುಸ್ತಕಗಳು ಅಪರಾಧದ ವರದಿಗಳಲ್ಲ, ಓದುಗ ಮತ್ತು ಲೇಖಕನ ನಡುವಿನ ಬುದ್ಧಿಯ ಪಂದ್ಯ. ಪಂದ್ಯದಲ್ಲಿ ನಿಯಮ ಪಾಲನೆಯಾಯಿತೇ ಎಂದು ಕೇಳಬೇಕು, ಬೀದಿಯಲ್ಲಿ ಹೀಗೆ ನಡೆಯುತ್ತದೆಯೇ ಎಂದಲ್ಲ. ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕಥೆಗಳಿಗೆ ಹತ್ತು ಕಟ್ಟಳೆಗಳನ್ನೇ ಬರೆದರು. ಯಾರಿಗೂ ಗೊತ್ತಿಲ್ಲದ ವಿಷ ತರಬಾರದು, ದೈವಿಕ ಶಕ್ತಿ ಬರಬಾರದು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು. ಅಗಾಥಾ ಕ್ರಿಸ್ಟಿ ಈ ಪಂದ್ಯವನ್ನು ಅತ್ಯಂತ ಪ್ರಾಮಾಣಿಕವಾಗಿ ಆಡಿದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿ ಕಲಿತ ರಸಾಯನಶಾಸ್ತ್ರ 1920ರ ಅವರ ಮೊದಲ ಕಾದಂಬರಿಯಲ್ಲೇ ಕಾಣುತ್ತದೆ. ಸ್ಟ್ರಿಕ್ನಿನ್ ಇರುವ ಟಾನಿಕ್‌ಗೆ ಬ್ರೋಮೈಡ್ ಬೆರೆತರೆ ವಿಷ ತಳಕ್ಕೆ ಇಳಿದು ಕೊನೆಯ ಗುಟುಕಿನಲ್ಲಿ ಸೇರಿಕೊಳ್ಳುತ್ತದೆ ಎಂಬ ವಿವರವನ್ನು ಔಷಧ ವೃತ್ತಿಯವರ ಪತ್ರಿಕೆಯೇ ಮೆಚ್ಚಿತ್ತು. ಅವರ ‘ದಿ ಪೇಲ್ ಹಾರ್ಸ್’ ಕಾದಂಬರಿಯಲ್ಲಿ ಬರುವ ಥ್ಯಾಲಿಯಂ ವಿಷದ ಲಕ್ಷಣಗಳಂತೂ ಎಷ್ಟು ಖಚಿತವೆಂದರೆ, 1977ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ವೈದ್ಯರಿಗೆ ಹೊಳೆಯದ ಮಗುವಿನ ಕಾಯಿಲೆಯನ್ನು ಆ ಪುಸ್ತಕ ಓದುತ್ತಿದ್ದ ದಾದಿಯೊಬ್ಬರು ಗುರುತಿಸಿದರು, ಮಗು ಉಳಿಯಿತು.

ಈ ಆಕ್ಷೇಪದ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಕ್ರಿಸ್ಟಿಯ ವಿಷ ನಂಬುವಂಥದ್ದು. ಆದರೆ ಅದೇ ಮೊದಲ ಕಾದಂಬರಿಯ ಸಂಚಿನಲ್ಲಿ ಇನ್ನೊಂದು ಪದರವಿದೆ. ಕೊಲೆ ಮಾಡಿದವರು ತಾವಾಗಿಯೇ ಬೇಗ ಬಂಧನಕ್ಕೊಳಗಾಗಬೇಕು, ವಿಚಾರಣೆ ನಡೆಯಬೇಕು, ಆಗ ಬಚ್ಚಿಟ್ಟ ಸಾಕ್ಷ್ಯವನ್ನು ಹೊರತೆಗೆದು ಬಿಡುಗಡೆ ಹೊಂದಬೇಕು, ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಇಲ್ಲವಾದ್ದರಿಂದ ಜೀವನವಿಡೀ ನಿಶ್ಚಿಂತೆಯಿಂದಿರಬೇಕು ಎಂಬ ಲೆಕ್ಕಾಚಾರ. ಪೊಲೀಸರು, ವಕೀಲರು, ಪಂಚರು, ಮನೆಯವರು ಎಲ್ಲರೂ ಕೊಲೆಗಾರ ಎಣಿಸಿದ ಹೊತ್ತಿಗೆ ಎಣಿಸಿದ್ದನ್ನೇ ಮಾಡಬೇಕು. ವಿಷಕ್ಕೆ ರಸಾಯನಶಾಸ್ತ್ರದ ನಿಯಮವಿದೆ, ಅದು ತಪ್ಪುವುದಿಲ್ಲ. ಮನುಷ್ಯರಿಗೆ ಅಂಥ ನಿಯಮವಿಲ್ಲ. ಪಂದ್ಯವಾಗಿ ಓದುವಾಗ ಇದು ಸಂತೋಷ ಕೊಡುತ್ತದೆ, ಕೊಡಲಿ. ಆದರೆ ಇಂದಿನ ಥ್ರಿಲ್ಲರ್‌ಗಳು ತಮ್ಮನ್ನು ಪಂದ್ಯವೆಂದು ಕರೆದುಕೊಳ್ಳುವುದಿಲ್ಲ. ಫೊರೆನ್ಸಿಕ್ ಲ್ಯಾಬ್, ನೈಜ ಘಟನೆ ಆಧಾರಿತ ಎಂಬ ಒಕ್ಕಣೆ, ಪೊಲೀಸ್ ಠಾಣೆಯ ಭಾಷೆ ಇವೆಲ್ಲವನ್ನೂ ಬಳಸಿ ‘ಇದು ನಿಜ’ ಎಂದು ನಮಗೆ ಹೇಳುತ್ತವೆ. ಆ ಮಾತು ಆಡಿದ ಮೇಲೆ ನಿಜದ ಅಳತೆಗೋಲಿಗೆ ಒಳಗಾಗಲೇಬೇಕು.

ಗೂಢಚಾರರ ಕೊಲೆಗಳನ್ನು ಉದಾಹರಿಸುವವರೂ ಇದ್ದಾರೆ. 1978ರಲ್ಲಿ ಲಂಡನ್ನಿನ ವಾಟರ್‌ಲೂ ಸೇತುವೆಯ ಬಳಿ ಬಲ್ಗೇರಿಯಾದ ಲೇಖಕ ಜಾರ್ಜಿ ಮಾರ್ಕೊವ್ ಅವರ ತೊಡೆಗೆ ಹೊಕ್ಕ ರಿಸಿನ್ ವಿಷದ ಗುಂಡು ಎರಡು ಮಿಲಿಮೀಟರ್‌ಗಿಂತ ಚಿಕ್ಕದು. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಆದರೆ ಅವರನ್ನು ಕಾಪಾಡಿದ್ದು ಸಂಚಿನ ಸೂಕ್ಷ್ಮತೆಯಲ್ಲ, ದೇಶದ ಗಡಿ. ಗುಂಡಂತೂ ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕೇ ಸಿಕ್ಕಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ನಾವು ಉದಾಹರಿಸುವುದೆಲ್ಲ ಸಿಕ್ಕಿಬಿದ್ದ ಸಂಚುಗಳನ್ನೇ. ನಿಜಕ್ಕೂ ಪರಿಪೂರ್ಣವಾದ ಸಂಚು ಬಯಲಾಗುವುದೇ ಇಲ್ಲ, ಆದ್ದರಿಂದ ಅದು ನಮ್ಮ ಲೆಕ್ಕಕ್ಕೆ ಬರುವುದೂ ಇಲ್ಲ. ತರ್ಕವಾಗಿ ಇದನ್ನು ತಳ್ಳಿಹಾಕಲು ಬರುವುದಿಲ್ಲ. ಆದರೆ ಬಹಳ ಕಾಲ ಬಯಲಾಗದೆ ಉಳಿದು, ಆಮೇಲೆ ಬಯಲಾದ ಕೊಲೆಗಳಿವೆ. ಬಚ್ಚಿಟ್ಟುಕೊಂಡು ಉಳಿಯುವ ಕೊಲೆಯ ಸ್ವಭಾವ ಎಂಥದ್ದೆಂದು ತಿಳಿಯಲು ಅವೇ ಕಿಟಕಿ. ಮ್ಯಾಂಚೆಸ್ಟರ್ ಬಳಿಯ ಹೈಡ್ ಪಟ್ಟಣದ ವೈದ್ಯ ಹೆರಾಲ್ಡ್ ಶಿಪ್‌ಮನ್ ತನ್ನ ರೋಗಿಗಳಿಗೆ, ಅದರಲ್ಲೂ ವಯಸ್ಸಾದ ಹೆಂಗಸರಿಗೆ, ನೋವು ಕಳೆಯುವ ಡೈಮಾರ್ಫಿನ್ ಅನ್ನು ಅತಿಯಾಗಿ ಚುಚ್ಚಿ ಕೊಂದ. ಸಾವಿನ ಪ್ರಮಾಣಪತ್ರವನ್ನೂ ತಾನೇ ಬರೆದ. 2000ದಲ್ಲಿ 15 ಕೊಲೆಗಳಿಗೆ ಶಿಕ್ಷೆಯಾಯಿತು. ಅನಂತರದ ಅಧಿಕೃತ ವಿಚಾರಣೆ 215 ಮಂದಿಯನ್ನು ಅವನು ಕೊಂದಿದ್ದನೆಂದು ಗುರುತಿಸಿತು. ಈ ಕೊಲೆಗಳಲ್ಲಿ ಯಾವ ಚಮತ್ಕಾರವೂ ಇಲ್ಲ. ಬಾಗಿಲು ತಟ್ಟಿ ಒಳಗೆ ಹೋಗುವ ವೈದ್ಯ, ಒಂದು ಸೂಜಿ, ಮುದುಕಿ ಸತ್ತಳಲ್ಲ ವಯಸ್ಸಾಗಿತ್ತು ಎನ್ನುವ ಊರು. ಅವನು ಸಿಕ್ಕಿಬಿದ್ದದ್ದು ಒಮ್ಮೆ ಜಾಣನಾಗಲು ಹೋಗಿ, ರೋಗಿಯೊಬ್ಬರ ಹೆಸರಿನಲ್ಲಿ ಸುಳ್ಳು ಉಯಿಲನ್ನು ತನ್ನದೇ ಟೈಪ್‌ರೈಟರ್‌ನಲ್ಲಿ ಟೈಪ್ ಮಾಡಿದಾಗ.

ಇನ್ನೊಂದು ಉದಾಹರಣೆ ನಮ್ಮ ಕರಾವಳಿಯದು. ‘ಸಯನೈಡ್ ಮೋಹನ್’ ಎಂದು ಪತ್ರಿಕೆಗಳು ಕರೆದ ಮೋಹನ್ ಕುಮಾರ್ ದೈಹಿಕ ಶಿಕ್ಷಣದ ಶಿಕ್ಷಕನಾಗಿದ್ದವನು. 20 ಮಹಿಳೆಯರ ಕೊಲೆಯ ಆರೋಪ ಎದುರಿಸಿ, ಹಲವು ಪ್ರಕರಣಗಳಲ್ಲಿ ಅಪರಾಧಿಯೆಂದು ಸಾಬೀತಾದವನು. ಬಡ ಮನೆಯ, ಮದುವೆ ತಡವಾದ ಹೆಣ್ಣುಮಕ್ಕಳಿಗೆ ವರದಕ್ಷಿಣೆ ಇಲ್ಲದ ಮದುವೆಯ ಆಸೆ ತೋರಿಸುತ್ತಿದ್ದ. ಬೇರೆ ಊರಿನ ಲಾಡ್ಜ್‌ಗೆ ಕರೆದೊಯ್ದು, ಮರುದಿನ ಒಡವೆಗಳನ್ನು ಕೋಣೆಯಲ್ಲಿ ಬಿಡಿಸಿ ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲೆಂದು ಹೇಳಿ ಸಯನೈಡ್ ಮಾತ್ರೆ ಕೊಡುತ್ತಿದ್ದ. ಅದನ್ನು ಶೌಚಾಲಯದೊಳಗೆ ಹೋಗಿ ನುಂಗುವಂತೆ ಹೇಳುತ್ತಿದ್ದ. ಬಾಗಿಲು ಒಳಗಿನಿಂದ ಚಿಲಕ ಹಾಕಿರುತ್ತಿತ್ತು. ಪತ್ತೇದಾರಿ ಸಾಹಿತ್ಯ ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ತಲೆಕೆಡಿಸಿಕೊಂಡಿರುವ ‘ಮುಚ್ಚಿದ ಕೋಣೆಯ ಕೊಲೆ’ ಇದೇ. ಅದಕ್ಕೆ ರಹಸ್ಯ ಬಾಗಿಲು ಬೇಕಾಗಲಿಲ್ಲ, ನಂಬಿದ ಹೆಣ್ಣು ತಾನೇ ಚಿಲಕ ಹಾಕಿಕೊಂಡಳು. ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರು ಹೀಗೆ ಬೇರೆ ಬೇರೆ ಊರುಗಳಲ್ಲಿ ಶವಗಳು ಸಿಕ್ಕಿದವು. ಬೇರೆ ಬೇರೆ ಠಾಣೆಗಳಲ್ಲಿ ಅಪರಿಚಿತ ಶವ, ಅಸಹಜ ಸಾವು, ಆತ್ಮಹತ್ಯೆ ಎಂದು ದಾಖಲಾದವು. 2009ರಲ್ಲಿ ಬಂಟ್ವಾಳ ಕಡೆಯ ಯುವತಿಯೊಬ್ಬಳು ಕಾಣೆಯಾದಾಗ ಜನ ಸುಮ್ಮನಿರಲಿಲ್ಲ, ಠಾಣೆಯ ಮುಂದೆ ಸೇರಿ ಒತ್ತಾಯಿಸಿದರು. ಫೋನ್ ಕರೆಗಳ ವಿವರ ಹಿಡಿದು ಹೋದ ಪೊಲೀಸರಿಗೆ ಒಬ್ಬ ಕಾಣೆಯಾದವಳಿಂದ ಮತ್ತೊಬ್ಬ ಕಾಣೆಯಾದವಳ ಜಾಡು ಸಿಕ್ಕಿತು.

ಅಮೆರಿಕದ ಪತ್ತೇದಾರಿ ಲೇಖಕ ರೇಮಂಡ್ ಚಾಂಡ್ಲರ್ 1944ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಪೊಲೀಸರಿಗೆ ಸುಲಭವಾಗುವುದು ಅತಿ ಜಾಣತನದ ಕೊಲೆ, ಕಷ್ಟವಾಗುವುದು ಎರಡು ನಿಮಿಷ ಮೊದಲು ಯೋಚಿಸಿ ಮಾಡಿದ ಕೊಲೆ ಎಂಬ ಅರ್ಥದಲ್ಲಿ ವಾದಿಸಿದ್ದರು. ಮೊದಲ ಭಾಗ ಸರಿ. ಎರಡನೆಯದನ್ನು ನಾನು ತಿದ್ದಲು ಬಯಸುತ್ತೇನೆ. ಅತ್ಯಂತ ಕಷ್ಟವಾಗುವುದು ಕೊಲೆಯೆಂದೇ ಯಾರೂ ಎಣಿಸದ ಕೊಲೆ. ಅಲ್ಲಿ ಕೊಲೆಗಾರನನ್ನು ಕಾಪಾಡುವುದು ಅವನ ಬುದ್ಧಿಯಲ್ಲ, ಸತ್ತವರ ಬಗ್ಗೆ ನಮಗಿರುವ ಅಲಕ್ಷ್ಯ.

ಹಾಗಾದರೆ ನಂಬುವಂಥ ಥ್ರಿಲ್ಲರ್ ಸಾಧ್ಯವೇ ಇಲ್ಲವೇ? ಖಂಡಿತ ಇದೆ. ಮಲಯಾಳದ ‘ದೃಶ್ಯಂ’ ಮತ್ತು 2014ರಲ್ಲಿ ಪಿ. ವಾಸು ನಿರ್ದೇಶಿಸಿ ರವಿಚಂದ್ರನ್ ನಟಿಸಿದ ಕನ್ನಡದ ‘ದೃಶ್ಯ’ ಏಕೆ ಅಷ್ಟು ಗಟ್ಟಿಯಾಗಿ ಹಿಡಿದವು ಎಂದು ಯೋಚಿಸಿದರೆ ಉತ್ತರ ಸಿಗುತ್ತದೆ. ಅಲ್ಲಿ ಕೊಲೆಗೆ ಯೋಜನೆಯೇ ಇಲ್ಲ, ಅದು ಮನೆಯ ಹೆಂಗಸರ ಮೇಲೆ ಬಂದ ಆಪತ್ತಿನ ಕ್ಷಣದಲ್ಲಿ ಆಗಿಹೋಗುತ್ತದೆ. ಯೋಜನೆ ಇರುವುದು ಮುಚ್ಚಿಡುವುದರಲ್ಲಿ, ಅದೂ ಅಪರಿಚಿತರ ನೆನಪಿನಲ್ಲಿ ಒಂದು ತಾರೀಕನ್ನು ಪಲ್ಲಟಗೊಳಿಸುವ ಒಂದೇ ಉಪಾಯದಲ್ಲಿ. ನೆನಪು ಎಷ್ಟು ಬಾಗುವಂಥದ್ದೆಂದು ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1974ರ ಪ್ರಯೋಗದಲ್ಲೇ ತೋರಿಸಿದ್ದರು. ಕಾರುಗಳು ‘ತಾಗಿದಾಗ’ ಎಂದು ಕೇಳುವ ಬದಲು ‘ಜಜ್ಜಿಕೊಂಡಾಗ’ ಎಂದು ಕೇಳಿದ್ದಕ್ಕೇ, ಅದೇ ದೃಶ್ಯ ನೋಡಿದವರು ಹೆಚ್ಚಿನ ವೇಗ ಹೇಳಿದರು, ಇಲ್ಲದ ಗಾಜಿನ ಚೂರನ್ನೂ ನೆನಪಿಸಿಕೊಂಡರು. ಕಡಿಮೆ ಹೆಜ್ಜೆ, ಮನುಷ್ಯ ಸ್ವಭಾವದ ಒಂದು ನಿಜವಾದ ದೌರ್ಬಲ್ಯ, ಯಾವ ಕ್ಷಣದಲ್ಲಾದರೂ ಕುಸಿಯಬಹುದಾದ ಒಂದು ಕುಟುಂಬ. ನಮ್ಮ ಎದೆ ಬಡಿದುಕೊಳ್ಳುವುದು ಆ ಕುಸಿತದ ಭಯಕ್ಕೆ. ಎಲ್ಲವೂ ಗಡಿಯಾರದಂತೆ ನಡೆಯುವ ಸಂಚಿನಲ್ಲಿ ಆ ಭಯ ಹುಟ್ಟುವುದಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅವುಗಳಲ್ಲಿ 9,962ಕ್ಕೆ ಕಾರಣ ಜಗಳ-ತಕರಾರು, 3,761ಕ್ಕೆ ವೈಯಕ್ತಿಕ ದ್ವೇಷ, 1,884ಕ್ಕೆ ಲಾಭದಾಸೆ. ಗದ್ದೆಯ ಬದು, ನೀರು, ಸಾಲ, ಮನೆಯೊಳಗಿನ ಸಿಟ್ಟು ಇವೇ ಕೊಲೆಯ ದಿನನಿತ್ಯದ ಮುಖ. ಜಾಣ ಕೊಲೆಗಾರನ ಚಿತ್ರ ಇದನ್ನು ಮರೆಸುತ್ತದೆ ಎನ್ನುವುದು ನನ್ನ ನಿಜವಾದ ಕಳವಳ. ಕೊಲೆಯೆಂದರೆ ಅಸಾಧಾರಣ ಬುದ್ಧಿಯ ಕೆಲಸವೆಂದು ಸಾವಿರ ಕಥೆಗಳಿಂದ ಕಲಿತ ಸಮಾಜ, ಬಸ್ ನಿಲ್ದಾಣದ ಶೌಚಾಲಯದಲ್ಲಿ ಸಿಕ್ಕ ಶವದಲ್ಲಿ ಕೊಲೆಯನ್ನು ಕಾಣುವುದಿಲ್ಲ. ಅಲ್ಲಿ ಒಗಟಿಲ್ಲ, ಸುಳಿವಿನ ಚೀಟಿ ಇಲ್ಲ, ಪತ್ತೇದಾರನಿಗೆ ಕೆಲಸವಿಲ್ಲ.

ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನ ಕಾಲದಿಂದ ಕನ್ನಡಕ್ಕೆ ಪತ್ತೇದಾರಿ ಕಥೆಗಳ ದೊಡ್ಡ ಓದುಗ ಬಳಗವಿದೆ. ಈಗ ಸಿನಿಮಾ ಮತ್ತು ವೆಬ್ ಸರಣಿಗಳಿಗೆ ಥ್ರಿಲ್ಲರ್ ಬರೆಯುವ ಹೊಸ ತಲೆಮಾರೂ ಬಂದಿದೆ. ಅವರಲ್ಲಿ ನನ್ನದೊಂದು ಕೋರಿಕೆ. ಅಸಹಜ ಸಾವಿನ ತನಿಖೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮು ಇದೆ, ಪ್ರತಿ ಠಾಣೆಯಲ್ಲೂ ಯುಡಿಆರ್ (ಅಸಹಜ ಸಾವಿನ ವರದಿ) ಕಡತಗಳಿವೆ. ಹೆಸರು ಗೊತ್ತಿಲ್ಲದ ಶವ, ಸಂಬಂಧಿಕರು ಬಾರದ ಮಹಜರು, ಫೊರೆನ್ಸಿಕ್ ಲ್ಯಾಬ್ ವರದಿಗೆ ಕಾಯುವ ತಿಂಗಳುಗಳು, ಒಂದು ಠಾಣೆಯ ಕಡತ ಇನ್ನೊಂದು ಠಾಣೆಯ ಕಡತವನ್ನು ನೋಡದಿರುವುದು, ಇವೆಲ್ಲ ಅವುಗಳಲ್ಲಿವೆ. ಹಾವನ್ನು ಪಳಗಿಸುವ ವೈದ್ಯನನ್ನು ಸ್ವಲ್ಪ ಕಾಲ ಬದಿಗಿಟ್ಟು, ಆ ಕಡತವನ್ನು ತೆರೆಯುವ ಒಬ್ಬ ಸಬ್ ಇನ್‌ಸ್ಪೆಕ್ಟರ್‌ನ ಕಥೆ ಬರೆಯಿರಿ.